ಊಟಿ ಹಂಚುತ್ತಿದ್ದಾಕೆ

ಹೋದ ತಿಂಗಳು ಕಿವಿ ತೋರಿಸಲು ಹರಪನಹಳ್ಳಿಗೆ ಹೋಗಿದ್ದೆ. ಅಲ್ಲಿ ಒಬ್ಬ ಹುಡುಗಿ ನನ್ನನ್ನು ಗೂಡಿನಂಥ ಕೋಣೆಯಲ್ಲಿ ಕೂರಿಸಿ ಎರಡೂ ಕಿವಿಗೆ ಮುಚ್ಚಳ ಹಾಕಿದಳು. "ಅಜ್ಜೀ, ಸಣ್ಣ ಸದ್ದು ಬರ್ತೈತಿ. ಕೇಳಿದ ಕೂಡ್ಲೇ ಕೈ ಎತ್ರಿ" ಅಂದಳು. ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಹುಡುಗಿ ಗಾಬರಿಯಾಗಿ ಮುಚ್ಚಳ ತೆಗೆದಳು.

"ಯಾಕ್ರಿ ಅಜ್ಜೀ, ಏನಾತು?"

"ಈ ಪರೀಕ್ಷಿ ನಾನು ಎಂಟು ವರ್ಸದ ಹಿಂದನ ಕೊಟ್ಟು ನಪಾಸಾಗೀನವ್ವ. ಸಾಸಿವ್ಯಾಗ!"

ಅವಳಿಗೆ ತಿಳಿಯಲಿಲ್ಲ. ಹೇಳಿದೆ. ಹೇಳುತ್ತಾ ಹೋದಂತೆ ಅವಳು ಬರೆಯುವುದನ್ನು ಬಿಟ್ಟು ಕುರ್ಚಿ ಹತ್ತಿರ ಎಳೆದುಕೊಂಡಳು. ಹೊರಗೆ ಕಾಯುತ್ತಿದ್ದ ಮಂದಿ ಬೈದುಕೊಂಡರಂತೆ. ಬೈದುಕೊಳ್ಳಲಿ. ಕೊನೆಗೆ "ಇದನ್ನ ಬರೆದಿಡ್ರಿ ಅಜ್ಜೀ" ಅಂದಳು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ. ಒತ್ತು, ದೀರ್ಘ ತಪ್ಪಿದ್ದನ್ನು ಮೊಮ್ಮಗಳು ತಿದ್ದಿದ್ದಾಳೆ. ಮಾತು ತಿದ್ದಲು ಬಿಟ್ಟಿಲ್ಲ.

ನನಗೆ ಆ ಸಾಸಿವೆ ಪರೀಕ್ಷೆ ಕೊಟ್ಟಾಕೆ ಹೊಳಲಿನ ಕಡೆಯವಳು. ನಾವೆಲ್ಲ ಅಕ್ಕ ಅನ್ನುತ್ತಿದ್ದೆವು, ಹೆಸರು ಬೇಡ. ಕಳೆದ ಕಾರ್ತೀಕದಲ್ಲಿ ತೀರಿಕೊಂಡಳು. ಮಣ್ಣಿಗೆ ಹೋಗಿ ಬಂದೆ, ಬಂದು ರೊಟ್ಟಿ ಬಡಿದೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕಂತೆ. ಆಕೆ ಬದುಕಿದ್ದಾಗಲೇ ನಾನು ಹಾಗೆ ಹೇಳಲಿಲ್ಲ, ಈಗೇನು ಹೇಳುವುದು? ಕುಳ್ಳಿ, ಕೋಪಿಷ್ಠೆ. ಎಲೆ ಅಡಿಕೆ ಹಾಕಿ ಎಲ್ಲೆಂದರಲ್ಲಿ ಉಗಿಯುತ್ತಿದ್ದಳು. ಯಾರಾದರೂ ಹೊಸ ಸೀರೆ ಉಟ್ಟು ಬಂದರೆ "ಈ ಬಣ್ಣ ಯಾರಿಗೂ ಬ್ಯಾಡಾಗಿ ಉಳಿದಿತ್ತೇನಬೇ?" ಅನ್ನುವವಳು. ಆದರೆ ಕೈ! ಆ ಕೈಗಳನ್ನು ನೋಡಬೇಕಿತ್ತು.

ಕೊಟ್ಟೂರಿನ ಹೊರಗೆ ಒಂದು ಶೇಂಗಾ ಒಡೆಯುವ ಮಿಲ್ಲು ಇತ್ತು. ನಾವು ಹದಿನಾಲ್ಕು ಹೆಣ್ಣಾಳುಗಳು, ಆಕೆ ನಮ್ಮ ಮೇಲೆ ಮೇಸ್ತ್ರಿ. ಮಿಷನ್ನು ಶೇಂಗಾ ಒಡೆಯುತ್ತದೆ, ದೊಡ್ಡ ಫ್ಯಾನು ಹೊಟ್ಟನ್ನು ಹಾರಿಸಿ ಹೊರಗೆ ಹಾಕುತ್ತದೆ, ಕೆಳಗೆ ಬಿದ್ದ ಬೀಜವನ್ನು ನಾವು ಕುಳಿತು ಆರಿಸುತ್ತೇವೆ. ಸದ್ದು ಎಂಥದ್ದು ಅಂದರೆ, ಪಕ್ಕದವಳ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಅವಳು "ಆಂ?" ಅನ್ನಬೇಕು. ಅದಕ್ಕೇ ಆಕೆ ಬಾಯಿಯನ್ನು ಬಿಟ್ಟು ಕೈ ಹಿಡಿದಳು. ಇಲ್ಲದ ಮೀಸೆ ತಿರುವಿದರೆ ಸಾಹುಕಾರ ಬಂದ ಅಂತ. ಹೊಟ್ಟೆ ಸವರಿದರೆ ಬುತ್ತಿ ಬಿಚ್ಚುವ ಹೊತ್ತು. ಹೆಬ್ಬೆರಳು ಕಚ್ಚಿದರೆ ಹೊಸ ಚಾಡಿಯೊಂದು ಐತಿ, ಊಟಕ್ಕೆ ಕೂತಾಗ ಹೇಳ್ತೀನಿ ಅಂತ. "ಬಾಯಿದ್ದಾಕಿ ಮನಿ ಆಳ್ತಾಳ, ಕೈಯಿದ್ದಾಕಿ ಮಿಲ್ಲು ಆಳ್ತಾಳ" ಅನ್ನುತ್ತಿದ್ದಳು.

ಒಮ್ಮೆ ಚಿಗಟೇರಿಗೆ ಒಂದು ಮದುವೆಗೆ ಬಸ್ಸು ಹತ್ತಿದೆವು. ಅಭ್ಯಾಸಬಲ, ಬಸ್ಸಿನಲ್ಲೂ ಎಲ್ಲರೂ ಕೈಸನ್ನೆಯಲ್ಲೇ ಹರಟೆ ಹೊಡೆದೆವು. ಕಂಡಕ್ಟರ ನಮ್ಮನ್ನು ನೋಡಿದ. "ಪಾಪ, ಅಷ್ಟೂ ಮಂದಿ ಮೂಕರು. ಏಳ್ರಪ್ಪ, ಕುಂದ್ರಾಕ ಬಿಡ್ರಿ" ಅಂತ ಗಂಡಸರನ್ನು ಎಬ್ಬಿಸಿದ. ನಾವು ಬಾಯಿ ತೆರೆಯುವುದರೊಳಗೆ ಆಕೆ ಕಣ್ಣು ಕೆಕ್ಕರಿಸಿದಳು. ಕುಳಿತೆವು, ಚಿಗಟೇರಿವರೆಗೂ ಸುಖವಾಗಿ ಕುಳಿತು ಹೋದೆವು. ಇಳಿಯುವಾಗ ಆಕೆ ಕಂಡಕ್ಟರನ ಭುಜ ತಟ್ಟಿ, "ನಾವು ಮೂಕರಲ್ಲಪ್ಪ ತಮ್ಮಾ. ನಾವು ಬಾಯಿ ಬಿಟ್ಟಿದ್ರ ನೀನು ಬಸ್ಸು ಬಿಟ್ಟು ಓಡ್ತಿದ್ದಿ" ಅಂದಳು.

ಇನ್ನು ಊಟಿ. ನಮ್ಮ ಸೀಮೆಯ ಬೇಸಿಗೆ, ಮೇಲೆ ತಗಡಿನ ಮಿಲ್ಲು, ಒಳಗೆ ಧೂಳು. ಇಡೀ ಮಿಲ್ಲಿನಲ್ಲಿ ಒಂದೇ ಒಂದು ತಣ್ಣನೆಯ ಜಾಗ ಇತ್ತು. ಫ್ಯಾನು ಗಾಳಿ ಎಳೆದುಕೊಳ್ಳುವ ಬಾಯಿಯ ಪಕ್ಕ. ಅಲ್ಲಿ ಕುಳಿತರೆ ಹೊರಗಿನ ಗಾಳಿ ಸುಯ್ಯೆಂದು ಮೈಮೇಲೆ ಹಾದು ಹೋಗುತ್ತಿತ್ತು. ಧೂಳೂ ಇಲ್ಲ, ಬೆವರೂ ಇಲ್ಲ. ಅದಕ್ಕೆ ಊಟಿ ಅಂತ ಹೆಸರಿಟ್ಟವಳು ಆಕೆಯೇ. ಅಲ್ಲಿ ಇಬ್ಬರು ಮಾತ್ರ ಕೂರಬಹುದಿತ್ತು. ಯಾರು ಕೂರಬೇಕು ಅನ್ನುವುದು ಆಕೆಯ ಕೈಯಲ್ಲಿ. ಬಸುರಿ, ಬಾಣಂತಿ, ಜ್ವರ ಬಂದವಳು, ಗಂಡನ ಕೈಯಲ್ಲಿ ಹೊಡೆತ ತಿಂದು ಬಂದವಳು, ಇಂಥವರನ್ನು ಬೆರಳು ತೋರಿಸಿ ಅಲ್ಲಿಗೆ ಕಳಿಸುತ್ತಿದ್ದಳು. ಆ ಒರಟು ಹೆಂಗಸು ಪ್ರೀತಿ ಅಂತ ಕೊಡುತ್ತಿದ್ದದ್ದು ಅದೊಂದನ್ನೇ.

ನಾನು ಒಂದು ಬೇಸಿಗೆಯಲ್ಲಿ ತಲೆ ಸುತ್ತಿ ಬೀಜದ ರಾಶಿಯ ಮೇಲೇ ಬಿದ್ದೆ. ಅವತ್ತಿನಿಂದ ಊಟಿಯ ಒಂದು ಜಾಗ ನನ್ನದಾಯಿತು. ನನ್ನ ಹೆಸರು ಹಾಲಮ್ಮ, ಆಕೆಯ ಬಾಯಲ್ಲಿ ಹಾಲಿ. "ಹಾಲಿ ಅಲ್ಲೇ ಕುಂದ್ರಲಿ. ಸತ್ತರ ಹೊತ್ತು ಹಾಕೋರು ಯಾರು?" ಅಂದಳು. ಒಂಬತ್ತು ವರ್ಷ ಕುಳಿತೆ. ಉಳಿದವರು ಹೊಟ್ಟೆ ಉರಿದುಕೊಂಡರು. ನಾನು ತಣ್ಣಗಿದ್ದೆ.

ಆಮೇಲೆ ಒಂದು ದಿನ ಊಟದ ಹೊತ್ತು. ಮಿಷನ್ನು ನಿಂತಿದೆ, ಎಲ್ಲರೂ ಬುತ್ತಿ ಬಿಚ್ಚಿದ್ದೇವೆ. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಕೊಟ್ರಮ್ಮ. ಚೊಚ್ಚಲ ಬಸುರಿ, ಐದು ತಿಂಗಳು. ಎರಡು ತಿಂಗಳಿಂದ ಊಟಿಯಲ್ಲಿ ನನ್ನ ಪಕ್ಕದ ಜಾಗ ಅವಳದ್ದು. ಅವಳು ನನ್ನ ಬೆನ್ನ ಹಿಂದೆ ಕುಳಿತು ಹೇಳಿದಳು: "ನಮ್ಮ ಓಣ್ಯಾಗಿನ ಕಿರಾಣಿ ಅಂಗಡಿ ಅಜ್ಜ ಸತ್ನಂತ."

ನನಗೆ ಕೇಳಿದ್ದು "ಅತ್ನಂತ" ಅಂತ. ನಾನು ರೊಟ್ಟಿ ಮುರಿಯುತ್ತಾ, "ಅಳ್ಳಿ ಬಿಡ. ಅತ್ರ ಎದಿ ಹಗುರಾಗತೈತಿ" ಅಂದೆ.

"ಹಗುರಾಗಿ ಏನು ಮಾಡ್ತಾನಬೇ? ಮಣ್ಣು ಮಾಡಿ ಬಂದಾರ!"

ಹದಿಮೂರು ಮಂದಿ ಬಿದ್ದು ಬಿದ್ದು ನಕ್ಕರು. ಒಬ್ಬಳಿಗಂತೂ ಅನ್ನ ನೆತ್ತಿಗೇರಿತು. ಆಕೆ ಮಾತ್ರ ನಗಲಿಲ್ಲ. ಎದ್ದು ನನ್ನ ಹಿಂದೆ ಬಂದು ನಿಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದಳು.

"ನಾ ಏನಂದೆ ಹೇಳು. ಸಂಜಿ."

"ಅಂಜಿ ಅಂದಿ. ಯಾರಿಗೆ ಅಂಜಬೇಕು ನಾನು?"

"ಸುಳಿ."

"ಉಳಿ."

"ಸರಿ."

"ಅರಿ. ಏನು ಹುಚ್ಚಾಟ ಇದು?"

'ಸ' ಅನ್ನುವ ಅಕ್ಷರವೇ ನನ್ನ ಕಿವಿಯಿಂದ ಉದುರಿ ಹೋಗಿತ್ತು. ಅಷ್ಟು ವಯಸ್ಸಾದ ಮೇಲೆ ಸ್ಲೇಟು ಹಿಡಿದು ಕಲಿತ ಅಕ್ಷರ! ಆಕೆ ಎದುರು ಬಂದು ಕುಕ್ಕರುಗಾಲಲ್ಲಿ ಕುಳಿತಳು. "ಹಾಲೀ, ಮನ್ಯಾಗ ಒಗ್ಗರಣಿ ಹೊತ್ತಸಾಕತ್ತಿ ಏನು?"

ನಾನು ಬೆಚ್ಚಿಬಿದ್ದೆ. ನನ್ನ ಸೊಸೆ ದಿನವೂ ಅದಕ್ಕೇ ಬೈಯುತ್ತಿದ್ದಳು. ಎಣ್ಣೆಗೆ ಸಾಸಿವೆ ಹಾಕಿ ನಾನು ಚಟಪಟ ಅನ್ನಲಿ ಅಂತ ಕಾಯುವುದು, ಅದು ಎಂದೋ ಚಟಪಟ ಅಂದು ಕರಿಯಾಗಿ ಹೊಗೆ ಏಳುವುದು. ನನಗೆ ಮರೆವು ಹತ್ತಿದೆ ಅಂತ ಮನೆಯಲ್ಲಿ ತೀರ್ಮಾನವಾಗಿತ್ತು. "ಹೌದು" ಅಂದೆ. ತಲೆ ಎತ್ತಿ ನೋಡಿದರೆ ಇನ್ನೂ ಆರು ಮಂದಿ ನೆಲ ನೋಡುತ್ತಿದ್ದಾರೆ! ಆರು ಮನೆಗಳಲ್ಲಿ ಒಗ್ಗರಣೆ ಹೊತ್ತುತ್ತಿತ್ತು. ಒಬ್ಬಳಿಗೆ ಅತ್ತೆಯ ಬೈಗುಳ, ಒಬ್ಬಳಿಗೆ ಗಂಡನ ಏಟು. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

"ತಡೀರಿ. ಬಾಯಿ ಸುಳ್ಳು ಹೇಳತೈತಿ, ಸಾಸಿವಿ ಹೇಳಂಗಿಲ್ಲ" ಅಂದಳು ಆಕೆ.

ಕರೆಂಟು ಹೋದ ದಿನಕ್ಕೆ ಕಾದಳು. ನಮ್ಮಲ್ಲಿ ಅದಕ್ಕೆ ಬಹಳ ಕಾಯಬೇಕಿಲ್ಲ. ಮೂರನೇ ದಿನ ಮಿಷನ್ನು ನಿಂತಿತು. ಅಂಗಳದಲ್ಲಿ ಒಲೆ ಹೂಡಿ, ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ನಮ್ಮನ್ನೆಲ್ಲ ಹಿಂದಕ್ಕೆ ಸಾಲಾಗಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. "ಸಿಡಿದದ್ದು ಕೇಳಿದ ಕೂಡ್ಲೇ ಕೈ ಎತ್ರಿ. ಪಕ್ಕದಾಕಿನ್ನ ನೋಡಿ ಎತ್ತಿದ್ರ ಸೌಟು ಬೀಳತೈತಿ." ಕೊಟ್ರಮ್ಮ ಎಲ್ಲರಿಗಿಂತ ಮೊದಲು, ಒಂದೇ ಒಂದು ಕಾಳು ಸಿಡಿದದ್ದಕ್ಕೇ ಕೈ ಎತ್ತಿದಳಂತೆ. ಆಮೇಲೆ ಒಂದೊಂದೇ ಕೈ. ಕೆಲವು ಪೂರ್ತಿ ಸಿಡಿಯುವಾಗ. ನಾನು ಗೋಡೆ ನೋಡುತ್ತಾ ನಿಂತೇ ಇದ್ದೆ. ಮೂಗಿಗೆ ಸುಟ್ಟ ವಾಸನೆ ಬಂತು. ಆಗ ಕೈ ಎತ್ತಿದೆ.

"ಲೇ, ಕಿವಿಲೆ ಕೇಳಂದ್ರ ಮೂಗಿಲೆ ಕೇಳ್ತಿಯಲ್ಲೇ!" ಅಂದಳು.

ಅಷ್ಟು ಹೊತ್ತಿಗೆ ಸಾಹುಕಾರ ಬಂದ. ಅವನ ಲೆಕ್ಕದ ಕೋಣೆಯ ಕಿಟಕಿ ಫ್ಯಾನಿನ ಕಡೆಗೇ ಇತ್ತು, ದಿನವಿಡೀ ತೆರೆದೇ ಇರುತ್ತಿತ್ತು. "ಏನಾಟ ಇದು? ನಾನೂ ನಿಲ್ತೀನಿ" ಅಂತ ನಗುತ್ತಾ ಒಲೆಗೆ ಬೆನ್ನು ಮಾಡಿ ನಿಂತ. ಆಕೆ ಹೊಸದಾಗಿ ಒಂದು ಹಿಡಿ ಸಾಸಿವೆ ಸುರಿದಳು. ಅಬ್ಬಾ, ಆ ಸಿಡಿತ! ಕಾಳು ಹಾರಿ ಹಾರಿ ಅವನ ಪಂಚೆಯ ಮೇಲೆ ಬೀಳುತ್ತಿವೆ, ಅವನು ಕೈ ಕಟ್ಟಿಕೊಂಡು ನಿಂತಿದ್ದಾನೆ. "ಒಲಿ ಸಣ್ಣ ಉರಿ ಮಾಡೀರೇನು? ಇನ್ನೂ ಸಿಡಿವಲ್ವು" ಅನ್ನುತ್ತಾನೆ! ನಾವು ಬಾಯಿಗೆ ಸೆರಗು ತುರುಕಿಕೊಂಡೆವು. ಕೊನೆಗೆ ಒಂದು ಕಾಳು ಕಾಲಿಗೆ ತಗುಲಿದಾಗ "ಹಾ!" ಅಂತ ಜಿಗಿದ.

ಅವನು ಹೋದ ಮೇಲೆ ಆಕೆ ನಮ್ಮನ್ನು ಕೈ ಎತ್ತಿದ ಕ್ರಮದಲ್ಲಿ ಸಾಲಾಗಿ ಕೂರಿಸಿದಳು. ಒಬ್ಬೊಬ್ಬಳನ್ನೇ ಕೇಳಿದಳು, ಊಟಿಯಲ್ಲಿ ಎಷ್ಟು ದಿನ ಕುಳಿತಿದ್ದೆ ಅಂತ. ಮೊದಲು ಎತ್ತಿದವರು ಕುಳಿತೇ ಇರಲಿಲ್ಲ, ಇಲ್ಲವೇ ಕೊಟ್ರಮ್ಮನ ಹಾಗೆ ನಿನ್ನೆ ಮೊನ್ನೆ ಕುಳಿತವರು. ನಡುವಿನವರು ಒಂದು ವರ್ಷ, ಎರಡು ವರ್ಷ. ಕೊನೆಯವಳು ನಾನು, ಒಂಬತ್ತು ವರ್ಷ. ಸಾಲು ಒಂದು ಕಾಳೂ ಆಚೀಚೆ ಇಲ್ಲದಂತೆ ಕೂಡಿಬಂತು. ತಂಪು ಕೊಡುತ್ತಿದ್ದ ಆ ಫ್ಯಾನಿನ ಬಾಯಿಯೇ ಮಿಲ್ಲಿನಲ್ಲೆಲ್ಲ ಹೆಚ್ಚು ಸದ್ದಿನ ಜಾಗವಾಗಿತ್ತು. ಎಲೆ ಅಡಿಕೆ ಉಗಿದು ಬಂದು ಮತ್ತೆ ನನ್ನ ಮುಂದೆ ನಿಂತಳು. ನನ್ನ ಕಿವಿ ಹಿಡಿದು ಒಮ್ಮೆ ಹಿಂಡಿ, ಒಲೆ ಆರಿಸಲು ಹೋದಳು.

ಹರಪನಹಳ್ಳಿಯ ಹುಡುಗಿ ಈಗ ನನಗೆ ಬಿಡಿಸಿ ಹೇಳಿದಳು. ಕಿವಿಯ ಒಳಗೆ ಜೋಳದ ಹೊಲದಂತೆ ಸಣ್ಣ ಸಣ್ಣ ಕೂದಲು ನಿಂತಿರುತ್ತವಂತೆ. ದೊಡ್ಡ ಸದ್ದು ಬಿರುಗಾಳಿಯಂತೆ ಬಂದರೆ ಮಲಗುತ್ತವೆ, ಸದ್ದು ನಿಂತು ಸಮಾಧಾನ ಸಿಕ್ಕರೆ ಏಳುತ್ತವೆ. ದಿನವೂ ಗಾಳಿ ಹೊಡೆದರೆ ಮಲಗಿದ್ದು ಮಲಗಿಯೇ ಸಾಯುತ್ತದೆ. ಜೋಳವಾದರೆ ಮುಂದಿನ ವರ್ಷ ಬಿತ್ತಬಹುದು, ಇದನ್ನು ಬಿತ್ತಲು ಬರುವುದಿಲ್ಲ. ಮೊದಲು ಸಾಯುವುದು ಸಣ್ಣ ದನಿ ಕೇಳುವ ಕೂದಲಂತೆ. ಅದಕ್ಕೇ ಗಂಡಸರ ಗದರಿಕೆ ಕೇಳುತ್ತದೆ, ಸಾಸಿವೆ ಕೇಳುವುದಿಲ್ಲ. ನೋವೂ ಇಲ್ಲ, ಕೀವೂ ಇಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಇಷ್ಟೆಲ್ಲ ಆ ಹುಡುಗಿ ಓದಿ ತಿಳಿದದ್ದು. ಅಕ್ಕ ಒಂದು ಹಿಡಿ ಸಾಸಿವೆಯಲ್ಲಿ ತಿಳಿದಿದ್ದಳು!

ಸಾಸಿವೆ ಸಿಡಿಸಿದ ಮರುದಿನವೇ ನನ್ನನ್ನೂ ಕೊಟ್ರಮ್ಮನನ್ನೂ ಊಟಿಯಿಂದ ಎಬ್ಬಿಸಿದಳು. ಅವಳ ಕಿವಿ ಇನ್ನೂ ಗಟ್ಟಿ ಇತ್ತು, ಅದನ್ನು ಉಳಿಸಬೇಕು ಅನ್ನುವುದೊಂದೇ ಆಕೆಗೆ. ಆದರೆ ಕೊಟ್ರಮ್ಮ ಏಳಬೇಕಲ್ಲ! "ಹಾಲಮ್ಮಗ ಒಂಬತ್ತು ವರ್ಸ ಕೊಟ್ಟಿ, ನನಗ ಎರಡು ತಿಂಗಳಿಗೆ ಎಬ್ಬಸ್ತಿ. ನಾನೇನು ಪಾಪ ಮಾಡೀನಿ? ಹೊಟ್ಟಿ ಹೊತ್ತು ಈ ಧಗ್ಯಾಗ ಸಾಯ್ಲೇನು?" ಅಂತ ಅತ್ತಳು. ಕಿವಿಗೆ ಹತ್ತಿ ತುರುಕಿ ನೋಡಿದಳು ಆಕೆ. ಅದರಿಂದ ಏನೇನೂ ಆಗಲಿಲ್ಲ, ಸದ್ದು ಹತ್ತಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇತ್ತ ತಿರುಗಿದರೆ ಅತ್ತ ಇನ್ನೊಬ್ಬಳು ಹೋಗಿ ಊಟಿಯಲ್ಲಿ ಕುಳಿತಿರುತ್ತಿದ್ದಳು. ಎಬ್ಬಿಸಿದರೆ ಮೇಸ್ತ್ರಿ ಕೆಟ್ಟವಳು. ಧಗೆ ಅಂಥದ್ದು, ಕಿವಿ ನಾಳೆಯದು, ಬೆವರು ಇವತ್ತಿನದು.

ಸಾಹುಕಾರನ ಹತ್ತಿರ ಹೋದಳು. "ಫ್ಯಾನಿಗೂ ನಮಗೂ ನಡುವ ಒಂದು ಗ್ವಾಡಿ ಕಟ್ಟಸ್ರಿ. ಕಿವಿ ಹೊಂಟಾವ. ನಿಮ್ಮವೂ ಹೋಗ್ಯಾವ."

"ನನ್ನ ಕಿವಿಗೆ ಏನಾಗೈತಿ? ಅವತ್ತಿನ ಸಾಸಿವಿ ಹಳೇದು" ಅಂದ ಪುಣ್ಯಾತ್ಮ. "ಗ್ವಾಡಿಗೀಡಿ ಇಲ್ಲ. ಇಷ್ಟು ವರ್ಸ ಇಲ್ಲದ್ದು ಈಗೇನು ನಾಜೂಕು?"

ಕೊಟ್ರಮ್ಮನಿಗೆ ಆರು ತಿಂಗಳು ತುಂಬಿತು. ಇನ್ನೂ ಕದ್ದು ಕದ್ದು ಹೋಗಿ ಕೂರುತ್ತಿದ್ದಳು. ಒಂದು ಸಂಜೆ ಮಿಲ್ಲಿನಿಂದ ಹೊರಗೆ ಬಂದಾಗ ಕಿವಿಗೆ ಬೆರಳಿಟ್ಟು ತಿರುವುತ್ತಾ, "ಯಕ್ಕಾ, ಜೀರುಂಡಿ ಕೂಗಿದಂಗ ಕೇಳತೈತಿ, ನಿನಗೂ ಕೇಳತೈತೇನು?" ಅಂದಳು. ಅದು ಕಿವಿಗೆ ಬಿದ್ದದ್ದೇ ಆಕೆ ಸೀದಾ ನನ್ನ ಮನೆಗೆ ಬಂದಳು. ಹಿತ್ತಲಲ್ಲಿ ನಮ್ಮ ರುಬ್ಬುವ ಗುಂಡು ಬಿದ್ದಿತ್ತು, ಮನೆಗೆ ಮಿಕ್ಸಿ ಬಂದು ಅದಕ್ಕೆ ಕೆಲಸ ತಪ್ಪಿತ್ತು. "ಇದನ್ನ ಒಯ್ತೀನಿ" ಅಂತ ಸೊಂಟದ ಮೇಲಿಟ್ಟುಕೊಂಡು ಹೊರಟೇಬಿಟ್ಟಳು. ಯಾಕೆ ಅಂತ ನಾನು ಕೇಳುವುದರೊಳಗೆ ಓಣಿ ದಾಟಿದ್ದಳು.

ಮರುದಿನ ಶುಕ್ರವಾರ. ಮಿಲ್ಲಿಗೆ ಹೋಗಿ ನೋಡಿದರೆ ಊಟಿಯ ನಟ್ಟನಡುವೆ ನನ್ನ ಗುಂಡು! ಅರಿಶಿನ ಬಳಿದಿದೆ, ಕುಂಕುಮ ಇಟ್ಟಿದೆ, ಎರಡು ಬೆಳ್ಳಿ ಬಣ್ಣದ ಕಣ್ಣು ಅಂಟಿಸಿದೆ, ಸುತ್ತ ಬೇವಿನ ಸೊಪ್ಪು. ಮುಂದೆ ಆಕೆ ಕಣ್ಣು ಮುಚ್ಚಿ ಕುಳಿತಿದ್ದಾಳೆ. "ಕನಸಿನಾಗ ಬಂದ್ಲು. ಇಲ್ಲೇ ಕುಂದ್ರತೀನಿ ಅಂದ್ಲು" ಅಂದಳು. ಎಲ್ಲರೂ ಕೈ ಮುಗಿದರು. ನಾನು ನಗು ನುಂಗಿ ಮುಗಿದೆ. ಎಷ್ಟು ವರ್ಷ ಅದರಿಂದ ಖಾರ ಅರೆದಿದ್ದೆ! ದೇವರು ಕೂತ ಜಾಗದಲ್ಲಿ ಇನ್ನು ಯಾರು ಕೂರುತ್ತಾರೆ? ಕೊಟ್ರಮ್ಮ ಗಲ್ಲ ಗಲ್ಲ ಬಡಿದುಕೊಂಡು ದೂರ ಹೋಗಿ ಕುಳಿತಳು.

ಸಾಹುಕಾರ ಬಂದು ಹುಬ್ಬು ಗಂಟಿಕ್ಕಿದ. ತೆಗೆಸಲು ಧೈರ್ಯ ಬರಲಿಲ್ಲ. ಮಧ್ಯಾಹ್ನ ಅವನ ಹೆಂಡತಿ ಕಾಯಿ, ಕರ್ಪೂರ ಹಿಡಿದುಕೊಂಡು ಬಂದಳು. "ದೇವಿ ಹೆಸರೇನವ್ವ?"

"ಇನ್ನೂ ಹೇಳಿಲ್ರಿ ಅಮ್ಮಾರ. ಮನಸಿಗೆ ಬಂದಾಗ ಹೇಳ್ತಾಳ."

ಆ ತಾಯಿ ದೀಪ ಹಚ್ಚಿದಳು. ಫ್ಯಾನಿನ ಗಾಳಿಗೆ ಆರಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು. ಮೂರನೇ ಸಲ ಆರಿದಾಗ ಕಡ್ಡಿಪೆಟ್ಟಿಗೆ ಕೆಳಗಿಟ್ಟು ಅಕ್ಕನ ಮುಖ ನೋಡಿದಳು. ಆಕೆ ತಲೆ ತಗ್ಗಿಸಿಕೊಂಡು, ಎಷ್ಟು ಮೆತ್ತಗೆ ಅಂತೀರಿ, "ಹಚ್ಚಿದ ದೀಪ ನಿಂದರವಲ್ದು ಅಮ್ಮಾರ. ಮನಿಗೆ ಚಲೋದಲ್ಲ. ನಡುವ ಒಂದು ಗ್ವಾಡಿ ಇದ್ದಿದ್ರ..." ಅಂದಳು.

ನಾಲ್ಕೇ ದಿನ! ನಾಲ್ಕು ದಿನದಲ್ಲಿ ಇಟ್ಟಿಗೆ ಬಂತು, ಗಾರೆಯವನು ಬಂದ. ಆಕೆ ಗಾರೆಯವನ ಬೆನ್ನಿಗೇ ನಿಂತಳು. "ಸಂದಿ ಬಿಡಬ್ಯಾಡಪ್ಪ, ದೀಪ ಆರತೈತಿ. ಮ್ಯಾಲ ತಗಡಿಗೆ ಮುಟ್ಟಲಿ, ದೀಪ ಆರತೈತಿ." ಫ್ಯಾನು ಗೋಡೆಯ ಆಚೆ ಹೋಯಿತು, ಅದರ ಬಾಯಿ ಬಯಲಿನ ಕಡೆ. ಈಚೆ ಗೋಡೆಯುದ್ದಕ್ಕೂ ಹೊಟ್ಟು ತುಂಬಿದ ಚೀಲಗಳನ್ನು ಒಟ್ಟಿಸಿದಳು, ಅದೂ ದೇವಿಯ ಅಪ್ಪಣೆ. ನಮ್ಮ ಹದಿನಾಲ್ಕು ಜೊತೆ ಕಿವಿಗೆ ಸಿಗದ ಗೋಡೆ ಒಂದು ಖಾರ ಅರೆಯುವ ಗುಂಡಿಗೆ ಸಿಕ್ಕಿತು. ದೇವರು ಸಿಟ್ಟಾಗಲಿಲ್ಲ. ಆಗಿದ್ದರೂ ನನಗೆ ಕೇಳಿಸಿಲ್ಲ. ಕೊಟ್ರಮ್ಮನ ಕಿವಿಯ ಜೀರುಂಡೆ ವಾರದೊಳಗೆ ಬಾಯಿ ಮುಚ್ಚಿತು.

ಗೋಡೆ ಆದ ಮೊದಲನೇ ದಿನ ಮಿಷನ್ನು ಶುರುವಾದಾಗ ಎಲ್ಲರೂ ಮುಖ ಮುಖ ನೋಡಿಕೊಂಡರು. ಮಿಷನ್ನಿನ ಸದ್ದು ಇತ್ತು, ಆದರೆ ಅದರ ಮೇಲೆ ಮಾತು ತೇಲುತ್ತಿತ್ತು! ಕೆಲಸ ಮಾಡುತ್ತಾ ಮಾತಾಡಿದ್ದು ಅದೇ ಮೊದಲು. ಏನಾಯಿತು ಅಂತೀರಿ? ಅರ್ಧ ಗಂಟೆಯಲ್ಲಿ ಜಗಳ. ಸದ್ದಿನ ಮರೆಯಲ್ಲಿ ಇಷ್ಟು ವರ್ಷ ಒಬ್ಬರ ಬಗ್ಗೆ ಒಬ್ಬರು ಅಂದುಕೊಳ್ಳುತ್ತಿದ್ದದ್ದೆಲ್ಲ ಈಗ ಬಯಲಿಗೆ ಬಂತು. ಅಷ್ಟರಲ್ಲಿ ಕೊಟ್ರಮ್ಮ ಕಣ್ಣರಳಿಸಿ ಆಕೆಯ ಕಡೆ ನೋಡಿದಳು. ಆಕೆ ಬೀಜ ಆರಿಸುತ್ತಾ ತುಟಿ ಆಡಿಸುತ್ತಿದ್ದಳು. ಆ ತುಟಿ ಆಡುವುದನ್ನು ನಾವು ದಿನವೂ ನೋಡುತ್ತಿದ್ದೆವು, ಎಲೆ ಅಡಿಕೆ ಅಗಿಯುತ್ತಾಳೆ ಅಂದುಕೊಂಡಿದ್ದೆವು.

"ಯಮ್ಮಾ, ಅಕ್ಕ ನಿನಗ ಬೈಯಾಕತ್ಯಾಳ!" ಅಂತ ಕೊಟ್ರಮ್ಮ ನನ್ನ ತೊಡೆ ತಟ್ಟಿದಳು.

"ಏನಂತ?"

ಕೊಟ್ರಮ್ಮ ಕಿವಿಗೊಟ್ಟು ಕೇಳಿ, ಒಂದೊಂದೇ ಒಪ್ಪಿಸಿದಳು. "ಮುದೋಡಿ, ಅಂತಾಳ. ತಂಪಿನ ಆಸಿಗೆ ಕಿವಿ ಕೊಟ್ಟು ಕುಂತ್ಲು, ಅಂತಾಳ. ಜೀರುಂಡಿ ಕೂಗಿದ್ದು ಮೊದಲನೇ ವರ್ಸದಾಗ ಈಕಿಗೂ ಕೇಳಿತ್ತು, ಊಟಿ ಹೋಕ್ಕೈತಿ ಅಂತ ಬಾಯಿ ಬಿಡಲಿಲ್ಲ ರಂಡಿ, ಅಂತಾಳ. ಅವತ್ತ ಹೇಳಿದ್ರ ನಾನು ಕೈ ಹಿಡಿದು ಎಬ್ಬಸ್ತಿರಲಿಲ್ಲೇನು, ಅಂತಾಳ."

ಅದು ನಿಜ. ನಾನು ಯಾರಿಗೂ ಹೇಳಿರಲಿಲ್ಲ. ಆಕೆಗೆ ಹೇಗೆ ಗೊತ್ತಾಯಿತೋ.

"ಕೊಟ್ರವ್ವಾ, ಅಕಿಗೆ ಹೇಳು" ಅಂದೆ. "ಬೈಯಾದಿದ್ರ ನನ್ನ ಕಡಿ ಮುಖ ಮಾಡಿ ಬೈ ಅನ್ನು."

ಆಕೆ ಮೊರ ಬದಿಗಿಟ್ಟು ಎದ್ದಳು. ಬಂದು ನನ್ನೆದುರು ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತಳು. ಎಲೆ ಅಡಿಕೆ ಉಗಿದು, ಬಾಯಿ ಒರೆಸಿಕೊಂಡು, ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ, ಊಟದ ಹೊತ್ತಿನವರೆಗೂ ಬೈದಳು. ನನಗೆ ಒಂದು ಮಾತೂ ತಪ್ಪಲಿಲ್ಲ.